ನಾಟಿ ಗದ್ದೆಯ ಕಾದಂಬರಿ

“ಹೋಗ್ತಾಳೇನಕ್ಕಾ ಆಕಿ? ಒಬ್ಬಾಕಿನ ಹೋಗ್ತಾಳೇನು?”

ಅನುಪಮಾ ಹೀಗೆ ಕೇಳುತ್ತಿರುವುದು ಬೆಳಗಿನಿಂದ ನಾಲ್ಕನೆಯ ಸಲ. ಮಮತಾ ಸಸಿಯನ್ನು ಕೆಸರಿಗೆ ಊರಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸಾಲಿನ ಹೆಂಗಸರೆಲ್ಲ ಆಕೆಯ ಜೊತೆಗೇ ಸರಿದರು. ತುರ್ವಿಹಾಳದ ಈ ಗುಂಪಿನಲ್ಲಿ ಭತ್ತ ನಾಟಿ ಮಾಡುವಾಗ ಹಾಡಿಲ್ಲ, ಮಮತಾಳ ಕಾದಂಬರಿ. ಸಿಂಧನೂರು ಬಸ್ ಸ್ಟ್ಯಾಂಡಿನ ಹಳೇ ಪುಸ್ತಕದ ಅಂಗಡಿಯಿಂದ ತಂದು, ಗಂಡನ ಕಣ್ಣು ತಪ್ಪಿಸಿ ಓದಿ, ಮರುದಿನ ಗದ್ದೆಯಲ್ಲಿ ಹೇಳುತ್ತಾಳೆ. ಕಥೆ ಬಿಗಿಯಾದಷ್ಟೂ ಕೈಗಳು ಚುರುಕಾಗುತ್ತವೆಂದು ಗುಂಪಿನ ಮುಂದಾಳು ಗಾಳೆಮ್ಮ ಆಕೆಗೆ ಸಸಿಯ ಕಟ್ಟು ಹೊರುವ ಕೆಲಸವನ್ನು ಮಾಫಿ ಮಾಡಿದ್ದಾಳೆ.

ಈ ಕಥೆಯ ಊರಲ್ಲೂ ಒಂದು ಕಾಲುವೆ, ಮುಚ್ಚಿಹೋದ ಒಂದು ಅಕ್ಕಿ ಮಿಲ್ಲು, ಎಲ್ಲರ ಗುಟ್ಟೂ ಎಲ್ಲರಿಗೂ ಗೊತ್ತಿರುವ ಒಂದು ಬಜಾರು. ಅಲ್ಲಿ ರೇವತಿ ಎಂಬ ಟೀಚರು. ದಿನವೂ ಕರೀ ಬೈಕಿನಲ್ಲಿ ಆಕೆಯ ಹಿಂದೆ ಬರುವ ಒಬ್ಬ ಅಪರಿಚಿತ. ‘ಸಂಜೆ ಮಿಲ್ಲಿಗೆ ಒಬ್ಬಳೇ ಬಾ’ ಎಂಬ ಚೀಟಿ ಆಕೆಯ ಕೈಗೆ ಬಂದಲ್ಲಿಗೆ ನಿನ್ನೆಯ ಕಥೆ ನಿಂತಿತ್ತು.

“ಹೋಗ್ಲೇಬೇಕಬೇ, ಇಲ್ಲಂದ್ರ ನನಗ ನಿದ್ದಿ ಬರೂದಿಲ್ಲ,” ಎಂದಳು ಸಾಲಿನ ಆ ತುದಿಯಿಂದ ಮಾಬುಬೀ. “ಆ ಬೈಕಿನಾಂವ ಕಳ್ಳನೋ ಮಿಂಡನೋ ತಿಳೀಬೇಕಲ್ಲ?”

“ನಿನಗ ಎರಡೂ ನಡೀತಾವ ಬಿಡು!” ಗಾಳೆಮ್ಮನ ಮಾತಿಗೆ ಸಾಲೆಲ್ಲ ನಕ್ಕಿತು.

ಅನುಪಮಾ ನಗಲಿಲ್ಲ. ಹತ್ತೊಂಬತ್ತರ ಹುಡುಗಿ, ಸೊಂಟಕ್ಕೆ ಸಿಕ್ಕಿಸಿದ ಫೋನನ್ನು ಕೆಸರುಗೈಯಲ್ಲೇ ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದಳು. ಮಮತಾಳ ಮಗ್ಗುಲಿಗೆ ಸರಿದು ದನಿ ತಗ್ಗಿಸಿದಳು.

“ನನಗೂ ಹಂಗ ಒಬ್ಬಾತ ಅದಾನಕ್ಕಾ. ಮಸ್ಕಿಯಾತ. ಬಸ್ಸಿನ ಹಿಂದ ಬೈಕಿನ್ಯಾಗ ಬರ್ತಾನ. ಮೊನ್ನೆ ನನ್ನ ಕೂಡ ನಕ್ಕೋತ ಮಾತಾಡಿದ್ನಂತ ಬಸ್ ಸ್ಟ್ಯಾಂಡಿನ ಹೂವಿನಂಗಡಿಯಾತನ ಕಪಾಳಕ್ಕ ಹೊಡದ. ಪ್ರೀತಿ ಇಲ್ಲದ ಹೊಡೀತಾನೇನು?”

“ಈಗೆಲ್ಲದಾನ?”

“ಮೂರಕ್ಕ ಕಾಲುವಿ ಬ್ರಿಜ್ಜಿನ ಹತ್ರ ಬಾ ಅಂದಾನ. ಲಿಂಗಸುಗೂರಿಗೆ ಹೋಗಿಬಿಡೂಣು ಅಂದಾನ. ಯಾರ ಮುಂದೂ ಹೇಳಬ್ಯಾಡ ಅಂದಾನ.”

ಮಮತಾಳ ಬೆರಳುಗಳು ಕೆಸರಿನೊಳಗೇ ನಿಂತವು. ಪುಸ್ತಕದಲ್ಲಿ ರೇವತಿ ಹೋಗುತ್ತಾಳೆ. ಬೈಕಿನವನು ಅವಳನ್ನು ಕಾಯಲೆಂದೇ ಬಂದವನು. ಮಿಲ್ಲಿನ ಕತ್ತಲಲ್ಲಿ ಅವಳ ಕೈ ಹಿಡಿಯುತ್ತಾನೆ. ಆ ಪುಟವನ್ನು ಮಮತಾ ಎರಡೆರಡು ಸಲ ಓದಿ ಕಣ್ಣೊರೆಸಿಕೊಂಡಿದ್ದಳು. ಹೊತ್ತು ಆಗಲೇ ನೆತ್ತಿಯಿಂದ ಇಳಿದಿತ್ತು.

“ಆಕಿ ಹೋಗ್ಲಿಲ್ಲ,” ಎಂದಳು ಎಲ್ಲರಿಗೂ ಕೇಳುವಂತೆ. “ಆ ಚೀಟಿ ಒಯ್ದು ಸಾಲಿಯಾಗಿನ ಟೀಚರ್‌ಗೋಳಿಗೆಲ್ಲ ತೋರಿಸಿಬಿಟ್ಳು.”

ಸಾಲು ಗಕ್ಕನೆ ನಿಂತಿತು. ಗಾಳೆಮ್ಮ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು. “ಥೂ, ಇದೂ ಒಂದು ಕಥಿ ಏನ? ಹಿಂಗ ಹೇಳಿದ್ರ ನೀನೂ ಸಸಿ ಹೊರಬೇಕಾಕ್ಕತಿ ನೋಡು.”

“ಸುಳ್ಳು ಹೇಳಾಕತ್ತಾಳ!” ಅನುಪಮಾ ಸಾಲಿನತ್ತ ತಿರುಗಿ ಕೂಗಿದಳು. “ಬುತ್ತಿ ಉಣ್ಣೂಮುಂದ ಆಕಿ ಚೀಲದಾಗಿನ ಪುಸ್ತಕ ತಗದು ಕೊನೀ ಪುಟ ಓದೀನಿ ನಾ, ಆಕಿ ಬಾಯಿಂದ ಕೇಳಬೇಕಂತ ಮತ್ತ ಕೇಳಿದೆ. ರೇವತಿ ಹೋಗ್ತಾಳ. ಆತ ಛಲೋ ಮನಷ್ಯಾ.” ಕೈಯಲ್ಲಿದ್ದ ಸಸಿ ಎಸೆದು, ಬದು ಹತ್ತಿ, ನೀರಿನ ಕಾಲುವೆಯಲ್ಲಿ ಕಾಲು ತೊಳೆಯತೊಡಗಿದಳು.

ಮಮತಾ ಕೆಸರಿನಲ್ಲಿ ಎಡವುತ್ತ ಅವಳ ಹಿಂದೆಯೇ ಬದು ಹತ್ತಿದಳು. ನಾಟಿಯ ನಡುವೆ ಆಕೆ ಸಾಲು ಬಿಟ್ಟು ಹೋದದ್ದನ್ನು ಈವರೆಗೆ ಯಾರೂ ಕಂಡಿರಲಿಲ್ಲ.

“ಹೌದವ್ವಾ, ಸುಳ್ಳ ಹೇಳಿದೆ. ಆದ್ರ ಆ ಪುಸ್ತಕಗೋಳೂ ಸುಳ್ಳ.”

“ಸುಳ್ಳಂದ್ರ ಮತ್ಯಾಕ ಓದ್ತಿ ಅವನ್ನ?”

“ಪುಸ್ತಕದಾಗಿನಾಂವ ಎಷ್ಟ ಅಂಜಿಸಿದ್ರೂ, ಮುಚ್ಚಿದ್ರ ಅಲ್ಲೇ ಒಳಗ ಉಳೀತಾನ. ಅದಕ್ಕ ಓದ್ತೀನಿ. ನಿನ್ನಾತನ್ನ ಹೆಂಗ ಮುಚ್ಚತಿ?”

“ನಿನಗ ಹೊಟ್ಟಿಕಿಚ್ಚು.”

“ಇದ್ರ ಇರ್ಲಿ. ಒಂದು ಫೋನ್ ಹಚ್ಚು. ಇಲ್ಲೇ ಹೊಲಕ್ಕ ಬಾ, ನಮ್ಮ ಗಾಳೆಮ್ಮತ್ತಿ ಮುಂದ ಮಾತಾಡು ಅನ್ನು. ಬಂದ್ರ ನಾನ ನಿನ್ನ ಬೈಕಿನ ಮ್ಯಾಲ ಕುಂದ್ರಿಸಿ ಕಳಸ್ತೀನಿ.”

ಅನುಪಮಾ ಆಕೆಯನ್ನೇ ದಿಟ್ಟಿಸಿದಳು. ಆಮೇಲೆ ಸವಾಲು ಹಾಕುವವಳಂತೆ ಫೋನು ಕಿವಿಗಿಟ್ಟಳು. ಮಾತಾಡುವಾಗ ಮಾತ್ರ ಅವಳ ದನಿ ಬೇರೆಯೇ ಆಯಿತು. “ನಾನ್ರೀ... ಇಲ್ಲೇ ಹೊಲಕ್ಕ ಬರ್ರಿ. ನಮ್ಮೋರು ನಿಮ್ಮನ್ನ ನೋಡಬೇಕಂತಾರ...”

ಆ ಕಡೆ ಬೈಕಿನ ಸದ್ದು ನಿಂತಿತು. ಆಮೇಲೆ, “ಯಾರಿಗೆ ಹೇಳಿದಿ?”

“ಹಂಗಲ್ರೀ...”

“ಯಾರಿಗೆ ಹೇಳಿದಿ, ಬೊಗಳಲೇ!” ಅನುಪಮಾ ಫೋನನ್ನು ಕಿವಿಯಿಂದ ದೂರ ಹಿಡಿದಳು. “ಕಾಲು ಮುರದು ಕಾಲುವಿಗೆ ಒಗೀತೀನಿ. ಯಾರಿಗೆ ಹೇಳಿದಿ?” ದನಿ ಈಗ ತುದಿಯಲ್ಲಿದ್ದ ಮಾಬುಬೀಯವರೆಗೂ ಮುಟ್ಟಿತು. ಸಾಲಿನಲ್ಲಿ ಯಾರೂ ಬಾಗಿರಲಿಲ್ಲ. ಎಲ್ಲರ ಕೈಯಿಂದಲೂ ಕೆಸರು ನೀರು ತೊಟ್ಟಿಕ್ಕುತ್ತಿತ್ತು.

ಗಾಳೆಮ್ಮ ಬದುವಿಗೆ ಬಂದು ಫೋನು ಕಿತ್ತುಕೊಂಡಳು. ಅದನ್ನು ಬಂದ್ ಮಾಡುವುದು ಆಕೆಗೆ ಗೊತ್ತಿರಲಿಲ್ಲ. ಸೆರಗಿನಲ್ಲಿ ಸುತ್ತಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಳು. “ನಡಿಯವ್ವಾ, ಗದ್ದಿಗಿಳಿ. ಇವತ್ತ ನಮ್ಮ ಮನ್ಯಾಗ ಮಲ್ಕೊಳ್ಳುವಂತಿ,” ಎಂದಳು. ಸೆರಗಿನೊಳಗಿಂದ ದನಿ ಇನ್ನೂ ಕೇಳುತ್ತಲೇ ಇತ್ತು.

ಅನುಪಮಾ ಅಲುಗಲಿಲ್ಲ. ನೋಟ ಮಾತ್ರ ಮಮತಾಳತ್ತ ತಿರುಗಿತು. “ಹಿಂಗ ಅಂತಾನಂತ ನಿನಗ ಮೊದಲ ಹೆಂಗ ಗೊತ್ತಿತ್ತಕ್ಕಾ?”

ಮಮತಾ ಬದುವಿನ ಮೇಲಿದ್ದ ಸಸಿಯ ಕಟ್ಟೊಂದನ್ನು ಬಿಚ್ಚಿ ಅರ್ಧವನ್ನು ಅವಳ ಕೈಗಿಟ್ಟಳು.

“ನಮ್ಮನಿಯಾತನೂ ಬಸ್ಸಿನ ಹಿಂದ ಬರ್ತಿದ್ದ,” ಎಂದಳು. “ನನಗ ಯಾರೂ ಕಥಿ ತಿರುವಿ ಹೇಳ್ಲಿಲ್ಲ.”