ನೆರಳಿಲ್ಲದ ಮಧ್ಯಾಹ್ನ

ತೀರಿಕೊಂಡವರ ನೆರಳು ಆಪ್ತರ ಪಕ್ಕದಲ್ಲಿಯೇ ಉಳಿಯುತ್ತಿತ್ತು. ವರ್ಷಕ್ಕೆ ಎರಡೇ ಸಲ ಬರುವ, ಸೂರ್ಯ ನೇರ ನೆತ್ತಿಯ ಮೇಲೆ ನಿಂತು ಯಾರಿಗೂ ನೆರಳೇ ಬೀಳದ ಮಧ್ಯಾಹ್ನ ಬಯಲಿಗೆ ಹೋದರೆ ಮಾತ್ರ ಅದು ಮರೆಯಾಗಿ, ಮತ್ತೆ ಬರುತ್ತಿರಲಿಲ್ಲ. ಆದ್ದರಿಂದ ಗಂಡ ಶೇಷಗಿರಿ ಮೇಷ್ಟ್ರು ತೀರಿಕೊಂಡ ಮೇಲೆ ಸುಭದ್ರಮ್ಮ ಆ ದಿನ ದೇವರ ಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ.

ಈ ಸಲ ಶಾಲೆಯ ಬಯಲಿಗೆ ಬಂದರು. ಅಲ್ಲಿ ಮಕ್ಕಳು, ಮನೆಮಂದಿಯೆಲ್ಲ ಕೋಲು ನೆಟ್ಟು, ಸೀಮೆಸುಣ್ಣದಿಂದ ನೆರಳಿಗೆ ಗೆರೆ ಹಾಕುತ್ತಿದ್ದರು. ಮೊಮ್ಮಗಳು ಇಂಪನಾ ಅಜ್ಜಿಯ ನೆರಳನ್ನೂ ಪಕ್ಕದ ತಾತನ ನೆರಳನ್ನೂ ಬರೆದಳು.

“ತಾತಂದು ಆನೆ ಕಿವಿ!” ಎಂದು ನಕ್ಕವಳು, ನೆರಳು ಕುಗ್ಗುವುದನ್ನು ಕಂಡು ಹೆದರಿದಳು. “ಅಜ್ಜಿ, ಒಳಗೆ ಹೋಗು! ತಾತ ಹೋಗ್ಬಿಡ್ತಾರೆ.”

“ಈ ದಿನ ಒಳಗೆ ಕೂತವರನ್ನೆಲ್ಲ ಇದನ್ನ ನೋಡೋಕೆ ಕೈಹಿಡಿದು ಬಯಲಿಗೆ ಎಳ್ಕೊಂಡು ಬರ್ತಿದ್ದೋರೇ ಅವರು ಕಣೇ. ನಾನು ಅವರನ್ನೇ ಒಳಗೆ ಕೂರಿಸ್ಬಿಟ್ಟಿದ್ದೆ. ನೀನು ಗೆರೆ ಹಾಕು.”

ಮಧ್ಯಾಹ್ನ ಬಯಲಿನಲ್ಲಿ ಯಾರ ನೆರಳೂ ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಸುಭದ್ರಮ್ಮ ಕಣ್ಣು ಮುಚ್ಚಿ ‘ನಾರಾಯಣ’ ಎಂದರು.

ಸ್ವಲ್ಪ ಹೊತ್ತಿಗೆ ಅವರ ಕಾಲಬಳಿ ಒಂದೇ ನೆರಳು ಮೂಡಿತು. ಇಂಪನಾ ಅತ್ತುಬಿಟ್ಟಳು.

“ಅಳಬೇಡ ಮಗಾ. ಪಾಪ, ನನ್ನ ಹಿಂದೆ ಬಿಸಿಲಲ್ಲಿ ಎಷ್ಟು ಅಲೆದ್ರು! ಇನ್ನು ಹೋಗಿ ತಣ್ಣಗೆ ಕೂತ್ಕೊಳ್ಲಿ.”