ಉಳಿದ ಒಂದು ಮುಕ್ತಾಯ

ರೊವೆನಾ ಹೆಗಲಿನ ಚೀಲ ಇಳಿಸುವ ಮೊದಲೇ ಪೆರ್ಲಾ ಅತ್ತೆ ವರದಿ ಒಪ್ಪಿಸಿದಳು.

"ಓದಿದಾನೆ ನಿಮ್ಮಪ್ಪ. ನೀನು ಹಾಕಿಕೊಟ್ಟು ಹೋಗಿದ್ಯಲ್ಲ, ಆ ಆಟ. ನಾಲ್ಕು ತಿಂಗಳು, ದಿನಾ ಮಧ್ಯಾಹ್ನ, ಕನ್ನಡಕದ ಮೇಲೊಂದು ಕನ್ನಡಕ ಹಾಕ್ಕೊಂಡು."

"ಏನಂದ?"

"ಏನೂ ಅನ್ನಲಿಲ್ಲ. ಅದೇ ಉತ್ತರ ಅಲ್ವೇನೇ?"

ಮೌನ ಸಮ್ಮತಿಯ ಲಕ್ಷಣ ಎನ್ನುವವರು ರೊವೆನಾಳ ಅಪ್ಪ ಕ್ರಿಸಾಂತೊನ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ಇಪ್ಪತ್ತು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದ ಮನುಷ್ಯ. ಆ ಗದ್ದಲದಲ್ಲಿ ಮಾತಾಡಿ ಫಲವಿಲ್ಲ ಎಂದು ಕಲಿತವನು ದಡಕ್ಕೆ ಬಂದ ಮೇಲೂ ಅದನ್ನೇ ಪಾಲಿಸುತ್ತಿದ್ದ. ಕೊಟ್ಟ ಕೆಲಸ ಪೂರ್ತಿಯಾಗುವ ತನಕ ತುಟಿ ಬಿಚ್ಚುವವನಲ್ಲ. ಈಗ ಇಲೊಯಿಲೊ ಊರಿನ ಓಣಿಯಲ್ಲಿ, ಮನೆಯ ಮುಂಭಾಗದಲ್ಲೇ, ನಾಣ್ಯ ಹಾಕಿದರೆ ಐದು ನಿಮಿಷ ಓಡುವ ಆರು ಕಂಪ್ಯೂಟರುಗಳ ಅಂಗಡಿ ಇಟ್ಟಿದ್ದ. ಗಲ್ಲಾದ ಹಿಂದಿನ ಏಳನೆಯದು ಅವನದು. ರೊವೆನಾ ಆಟ ಹಾಕಿದ್ದು ಅದರಲ್ಲಿ.

ಅದು ಗುಂಡು ಹಾರಿಸುವ ಆಟವಲ್ಲ. ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ಕಾದಂಬರಿಯ ಹಾಗೆ ಓದುತ್ತ ಹೋಗಬೇಕು. ಅಲ್ಲಲ್ಲಿ ಕಥೆ ನಿಂತು ಎರಡು ಮಾತನ್ನು ಮುಂದಿಡುತ್ತದೆ. ಒಂದನ್ನು ಆರಿಸಿ ಒತ್ತಿದರೆ ಮಾತ್ರ ಮುಂದಿನ ದಾರಿ. ಸೆಬು ಊರಿನ ಇಬ್ಬರು ಗೆಳತಿಯರು ಬಾಡಿಗೆ ಕೋಣೆಯಲ್ಲಿ ಕೂತು ಕಟ್ಟಿದ ಕಥೆ ಅದು. ಮೀನುಗಾರನ ಮಗಳೊಬ್ಬಳು ದೋಣಿಗಳಿಗೆ ಬಣ್ಣ ಬಳಿಯುವ ಹುಡುಗಿಗೆ ಮನಸ್ಸು ಕೊಡುತ್ತಾಳೆ. ಆರಿಸಿದ ಮಾತಿಗೆ ತಕ್ಕಂತೆ ಹನ್ನೆರಡು ಮುಕ್ತಾಯಗಳು.

ರೊವೆನಾ ತನ್ನ ಲ್ಯಾಪ್‌ಟಾಪಿನಲ್ಲಿ ಹನ್ನೆರಡನ್ನೂ ಮೂರು ಮೂರು ಸಲ ಆಡಿದ್ದಳು. ತನ್ನ ಗಂಟಲಲ್ಲಿ ವರ್ಷಗಳಿಂದ ಸಿಕ್ಕಿಕೊಂಡಿದ್ದನ್ನು ಆ ಮೀನುಗಾರನ ಮಗಳು ಸಲೀಸಾಗಿ ಹೇಳುತ್ತಿದ್ದಳು. ಕ್ರಿಸ್‌ಮಸ್ ಮುಗಿಸಿಕೊಂಡು ಆಚೆ ದಡದ ಬಕೊಲೊಡಿನ ಆಸ್ಪತ್ರೆ ಕೆಲಸಕ್ಕೆ ಹೊರಡುವಾಗ, "ಇದನ್ನ ಪೂರ್ತಿ ಮುಗಿಸಪ್ಪ. ಇದರಲ್ಲಿರೋ ಮಗಳು ನಾನೇ. ಮುಗಿಸಿದ ಮೇಲೆ ಮಾತಾಡೋಣ" ಎಂದು ಒಂದೇ ಉಸಿರಿನಲ್ಲಿ ಹೇಳಿ ಬೋಟು ಹತ್ತಿದ್ದಳು.

ಆಮೇಲೆ ಫೋನಿನಲ್ಲಿ ಬರೀ ಬಿಸಿಲು, ಮೀನು, ಅತ್ತೆಯ ಮಂಡಿನೋವು. ಆ ಸುದ್ದಿ ಮಾತ್ರ ಇಲ್ಲ. ಕಾದು ಕಾದು ಅವಳಿಗೆ ಸುಸ್ತಾಗಿತ್ತು. ಇವತ್ತು ಡೆಲಿಯಾಳನ್ನು ಜೊತೆಯಲ್ಲೇ ಕರೆತಂದಿದ್ದಳು. ಇಬ್ಬರೂ ಒಂದೇ ಮನೆ ಮಾಡಿ ಎರಡು ವರ್ಷವಾಗಿತ್ತು. ಡೆಲಿಯಾ ಬಂದರಿನ ಎದುರಿನ ಹೋಟೆಲಿನಲ್ಲಿ ಬಟ್ಚಾಯ್ ಎಂಬ ನೂಡಲ್ ಸಾರಿನ ಬಟ್ಟಲಿನ ಮುಂದೆ ಕಾಯುತ್ತಿದ್ದಳು. ಅಪ್ಪ ಒಪ್ಪಿದರೆ ಅವಳೂ ಮನೆಗೆ ಊಟಕ್ಕೆ. ಇಲ್ಲವಾದರೆ ಇಬ್ಬರೂ ನಾಲ್ಕು ಗಂಟೆಯ ಬೋಟಿಗೆ, ಮತ್ತೆ ಈ ದಡದ ಸಹವಾಸವೇ ಬೇಡ.

ಕ್ರಿಸಾಂತೊ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದ.

"ಬಂದ್ಯಾ, ಇಂದಾಯ್?" ಚಿಕ್ಕವಳಿದ್ದಾಗಿನಿಂದ ಮುದ್ದಿಗೆ ಹಾಗೇ ಕರೆಯುತ್ತಿದ್ದ. "ಇಳಿದುಹೋಗಿದ್ಯಲ್ಲೇ. ರಾತ್ರಿ ಪಾಳಿನಾ?"

"ಪಾಳಿ ಬಿಡು. ಓದಿದ್ಯಂತೆ?"

"ಹೂಂ." ಕತ್ತಿ ನಿಂತಿತು. "ಹನ್ನೊಂದು ಮುಗೀತು. ಒಂದು ಉಳೀತು."

"ಅದೊಂದು ಯಾಕೆ ಉಳೀತು?"

"ನನ್ನ ಕೈಲಾಗಲ್ಲ. ಎಷ್ಟೋ ಸಲ ಕೂತೆ. ಬೆರಳೇ ಏಳಲ್ಲ."

"ಬರೀ ಆಟ ಅಪ್ಪ ಅದು."

"ಬೇರೆಯವರಿಗೆ ಆಟ ಇರಬಹುದು. ಹೆಣ್ಣು ಹೆತ್ತವನಿಗೆ ಅಲ್ಲ." ಅವನು ಮತ್ತೆ ಮೀನಿನ ಕಡೆ ತಿರುಗಿದ. "ಪೂರ್ತಿ ಮುಗಿಸು ಅಂದಿದ್ದೆ ನೀನು. ಮುಗಿಸದೆ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವನಿಂದಾಗದ್ದು ಯಾವುದೆಂದು ರೊವೆನಾಳಿಗೆ ಗೊತ್ತು. ಆಟದ ಕೊನೆಯ ಚಿತ್ರದಲ್ಲಿ ಇಬ್ಬರು ಹುಡುಗಿಯರೂ ಹೂ ಮುಡಿದು, ತಮ್ಮದೇ ಮನೆಯ ಬಾಗಿಲಲ್ಲಿ ನಗುತ್ತ ನಿಂತಿರುತ್ತಾರೆ. ಹನ್ನೊಂದು ಸಂಕಟವನ್ನು ಓದಿ ಅರಗಿಸಿಕೊಂಡ ಮನುಷ್ಯನಿಗೆ ಆ ಒಂದು ಸುಖ ಅರಗಲಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ. ಎಲ್ಲಾದರೂ ಒರಗಿ ಕಣ್ಣು ಮುಚ್ಚಿದರೆ ಸಾಕು ಅನ್ನಿಸಿತು.

ಬೀರುವಿನಿಂದ ಜನನ ಪತ್ರ ತೆಗೆದುಕೊಂಡಳು. ಎರಡು ಅಂಗಿ. ಅಮ್ಮನ ಫೋಟೋ.

ಪೆರ್ಲಾ ಅತ್ತೆ ಜಪಮಾಲೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. "ಮದುವೆ ಮಾಡ್ಕೊಂಡು ಹೋಗಬೇಕಾದ ಮನೆಯಿಂದ ಹೀಗೆ ಹೋಗ್ತೀಯಲ್ಲೇ."

"ದಾರಿ ಬಿಡಿ ಅತ್ತೆ. ಬೋಟು ತಪ್ಪತ್ತೆ."

"ಹೋಗೋಳು ಆ ದರಿದ್ರ ಆಟಾನೂ ಅಳಿಸಿ ಹೋಗು. ನೋಡಿ ನೋಡಿ ಅವನ ಕಣ್ಣು ಕೆಂಪಾಗೋದೊಂದೇ ಬಂತು."

ಜನ್ಮದಲ್ಲಿ ಮೊದಲ ಸಲ ಅತ್ತೆಯ ಮಾತು ಸರಿ ಎನಿಸಿತು. ತನ್ನ ಗುಟ್ಟನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಹೋಗಬಾರದು. ರೊವೆನಾ ಗಲ್ಲಾದ ಹಿಂದೆ ಕೂತು ಏಳನೆಯ ಕಂಪ್ಯೂಟರಿನಲ್ಲಿ ಆಟ ತೆರೆದಳು.

ಮುಕ್ತಾಯಗಳ ಪುಟ ಬಂತು. ಮುಗಿಸಿದ ಒಂದೊಂದಕ್ಕೂ ಒಂದೊಂದು ಚಿತ್ರ. ಮುಗಿಸದಿದ್ದರೆ ಕಪ್ಪು ಚೌಕ. ಅವಳ ಕಣ್ಣು ನೇರವಾಗಿ ತುದಿಯ ಚೌಕಕ್ಕೆ ಹೋಯಿತು. ಅಲ್ಲಿ ಕಪ್ಪಿರಲಿಲ್ಲ. ಇಬ್ಬರು ಹುಡುಗಿಯರು ಹೂ ಮುಡಿದು ನಗುತ್ತಿದ್ದರು. ಚಿತ್ರದ ಕೆಳಗೆ, ಆ ದಾರಿಯಲ್ಲಿ ಎಷ್ಟು ಸಲ ಬಂದದ್ದು ಎಂಬ ಲೆಕ್ಕವಿತ್ತು: ಒಂಬತ್ತು.

ಅವಳು ನಿಧಾನವಾಗಿ ಮೇಲಿನಿಂದ ನೋಡುತ್ತ ಬಂದಳು. ಕಪ್ಪಾಗಿದ್ದದ್ದು ನಾಲ್ಕನೆಯದು. ಹನ್ನೆರಡರಲ್ಲಿ ಎಲ್ಲಕ್ಕಿಂತ ಚಿಕ್ಕದು, ಒಂದು ನಿಮಿಷದ ಓದೂ ಇಲ್ಲ. ಮಗಳು ಬಂದು ವಿಷಯ ಹೇಳುತ್ತಾಳೆ. ಆಟ ಅಲ್ಲಿ ಓದುವವನನ್ನೇ ಅಪ್ಪನ ಜಾಗದಲ್ಲಿ ನಿಲ್ಲಿಸಿ, ಎರಡು ಮಾತನ್ನು ಮುಂದಿಡುತ್ತದೆ. ಎರಡನೆಯದನ್ನು ತನ್ನ ಬೆರಳಿನಿಂದಲೇ ಒತ್ತಿದವನಿಗೆ ಮಾತ್ರ ಆ ಚೌಕ ತೆರೆಯುತ್ತದೆ.

'ನನ್ನ ಮನೆ ಬಿಟ್ಟು ಹೋಗು' ಎಂಬ ಆ ಒಂದು ಮಾತನ್ನು ಒತ್ತಲಾರದೆ ಕ್ರಿಸಾಂತೊ ನಾಲ್ಕು ತಿಂಗಳಿಂದ ಸುಮ್ಮನಿದ್ದ.