ಬಂದ ಶಿಳ್ಳೆಗೂ ಮುದ್ರೆ

ಬಾಯಿಂದ ಶಿಳ್ಳೆ ಹಾಕಿ ಫ್ಯಾಕ್ಸ್ ಯಂತ್ರವನ್ನೇ ನಂಬಿಸುವವರು ಒಬ್ಬರಿದ್ದರು, ನಮ್ಮ ಒದಾವರಾದ ಮೀನಿನ ಕಡುಬಿನ ಕಾರ್ಖಾನೆಯಲ್ಲಿ. ಇದು ನಡೆದದ್ದೇ. ನಾನೇನಾದರೂ ಸೇರಿಸಿದ್ದರೆ ಉಪ್ಪಿನಷ್ಟು.

ಹೊಸ ವರ್ಷಕ್ಕೆ ಹತ್ತೇ ದಿನ. ಅಂಗಡಿಗಳ ಆರ್ಡರೆಲ್ಲ ಫ್ಯಾಕ್ಸಿನಲ್ಲೇ ಬರಬೇಕು. ಇದ್ದದ್ದು ಒಂದೇ ಯಂತ್ರ. ಒಬ್ಬರ ಹಾಳೆ ಬರುತ್ತಿದ್ದರೆ ಉಳಿದವರಿಗೆಲ್ಲ ಎಂಗೇಜ್. ಕಚೇರಿಯ ಶಿನೋಹಾರಾ ಹಟ ಹಿಡಿದು, ಕಂಪ್ಯೂಟರಿನೊಳಗೆ ಫ್ಯಾಕ್ಸ್ ಬೋರ್ಡ್ ಕೂರಿಸಿ, ನಾಲ್ಕು ಫ್ಯಾಕ್ಸ್ ಒಟ್ಟಿಗೇ ಬರುವಂತೆ ಅದಕ್ಕೆ ನಾಲ್ಕು ಫೋನ್ ಲೈನ್ ಸಿಕ್ಕಿಸಿದಳು.

ಯಜಮಾನರು ಗಡಿಯಾರ ನೋಡಿದರು. "ಈಗ ಹತ್ತು. ಹನ್ನೆರಡರೊಳಗೆ ಒಬ್ಬನೇ ಒಬ್ಬ ಗಿರಾಕಿ ಎಂಗೇಜ್ ಅಂತ ದೂರಿದ್ರೂ ಬೋರ್ಡು ಡಬ್ಬಿಗೆ, ನೀನು ಪ್ಯಾಕಿಂಗಿಗೆ!"

ಬಂದ ಫ್ಯಾಕ್ಸಿಗೆಲ್ಲ 'ಬಂತು' ಎಂದು ಕೆಂಪು ಮುದ್ರೆ ಒತ್ತುವವರು ಹಿರಿಯ ಕುರಾಮೋಚಿ. ಯಂತ್ರದ ಕೀರಲು ದನಿ ಅವರಿಗೆ ನಾಲಿಗೆಯ ತುದಿಯಲ್ಲಿ. ಹಳೆಯ ಯಂತ್ರವಂತೂ ಫೋನಿನಲ್ಲಿ ಅವರ ಶಿಳ್ಳೆ ಕೇಳಿದರೆ ತಾನೂ ಕೂಗಿ, ಹಾಳೆಗೆ ಕಾಯುತ್ತಿತ್ತು.

"ನಿನ್ನ ಬೋರ್ಡಿಗೆ ಕಿವಿ ಇದೆಯೇನಮ್ಮಾ?"

"ನಾಲ್ಕಿವೆ, ಕುರಾಮೋಚಿ ಸಾನ್."

"ಒಂದನ್ನಾದ್ರೂ ಹಿಂಡಲೇಬೇಕು," ಎಂದು ಗೊಣಗುತ್ತ ಅವರು ಗೋದಾಮಿಗೆ ನಡೆದರು. ಅಲ್ಲೊಂದು ಫೋನಿತ್ತು.

ಪರದೆಯ ಮೇಲೆ ಮೊದಲ ಲೈನು ತುಂಬಿತು. ಹಾಳೆ ಬರಲಿಲ್ಲ, ಕಡಿಯಿತು, ಮತ್ತೆ ತುಂಬಿತು. ಶಿನೋಹಾರಾಳ ಹಣೆ ಬೆವರಿತು. ಉಳಿದ ಮೂರು ಲೈನು ಮಾತ್ರ ಉಸಿರು ಬಿಡದೆ ಆರ್ಡರ್ ನುಂಗುತ್ತಿದ್ದವು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೇಜಿನ ಫೋನು ಬಡಿದುಕೊಂಡಿತು. ಯಜಮಾನರೇ ಎತ್ತಿದರು. ಹುಬ್ಬು ಗಂಟಿಕ್ಕಿತು.

"ಹಕೋನೆ ಅಂಗಡಿಯವ್ರು."

"ದೂರಾ?" ಶಿನೋಹಾರಾ ಕುರ್ಚಿಯಿಂದ ಎದ್ದಳು.

"'ಫ್ಯಾಕ್ಸ್ ಕಳಿಸಿದೀವಿ, ಬಂತಾ' ಅಂತಿದಾರೆ."

ಕಳಿಸಿದ ಮೇಲೆ ಫೋನ್ ಮಾಡಿ ಕೇಳದಿದ್ದರೆ ನಮ್ಮ ಕಡೆ ಯಾರಿಗೂ ಊಟ ಸೇರುವುದಿಲ್ಲ. ಆ ಹಾಳೆ ಆಗಲೇ ಅವಳ ಕೈಯಲ್ಲಿತ್ತು!

ಹನ್ನೆರಡು ಹೊಡೆಯಿತು. ಕಂಪ್ಯೂಟರು ಪಟ್ಟಿ ಹೊರಹಾಕಿತು: ಆರ್ಡರು ಅರವತ್ತಮೂರು. ದೂರಿನ ಕರೆಯಂತೂ ಒಂದೂ ಬಂದಿರಲಿಲ್ಲ. ಪಟ್ಟಿಯ ಕೆಳಗೆ ಇನ್ನೂ ನಲವತ್ತು ಕರೆ, ಎಲ್ಲಕ್ಕೂ ಹಾಳೆ ಸೊನ್ನೆ, ನಂಬರು ನಮ್ಮದೇ ಗೋದಾಮಿನದು.

ಸರಿಯಾಗಿ ಆಗಲೇ ಕುರಾಮೋಚಿ ಒಳಗೆ ಬಂದರು. ತುಟಿ ಊದಿ ಮೀನಿನ ಬಾಯಾಗಿತ್ತು. ಯಜಮಾನರು ಗದರಲು ಬಾಯಿ ತೆರೆಯುವಷ್ಟರಲ್ಲಿ ಶಿನೋಹಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂದ್ರೆ ನಾನು ಗೆದ್ದಿದ್ದು ಮೂರೇ ಕಿವೀಲಿ!"

ಕಚೇರಿಯೆಲ್ಲ ನಕ್ಕಿತು, ಅವಳಷ್ಟು ಜೋರಾಗಿ ಯಾರೂ ಅಲ್ಲ. ನಗುತ್ತಲೇ ಪಟ್ಟಿಯನ್ನೂ ಕೆಂಪು ಶಾಯಿಯನ್ನೂ ಅವರ ಮುಂದಿಟ್ಟಳು.

"ಬಂದದ್ದಕ್ಕೆಲ್ಲ ಮುದ್ರೆ ಬೀಳ್ಬೇಕಲ್ವಾ?"

ಕುರಾಮೋಚಿ ತಲೆ ತಗ್ಗಿಸಿ, ತಮ್ಮ ನಲವತ್ತು ಶಿಳ್ಳೆಗೂ ಒಂದೊಂದಾಗಿ 'ಬಂತು' ಒತ್ತಿದರು.